ಸರದಿ ಉಪವಾಸ

ಆ ಮನೆಯಲ್ಲಿ ನೀರು ಕುಡಿಯುವುದು ಕದ್ದು ಮಾಡುವ ಕೆಲಸವಾಗಿ ಬಹಳ ಕಾಲವಾಗಿತ್ತು. ಬೀರೇಶ ಎದ್ದವನೇ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಕೊಳಾಯಿ ತಿರುಗಿಸಿ, ಬಕೆಟ್ಟಿಗೆ ಬೀಳುವ ನೀರಿನ ಸದ್ದಿನಲ್ಲಿ ತನ್ನ ಗಂಟಲಿನ ಸದ್ದು ಮುಚ್ಚಿಹೋಗಲಿ ಎಂದು ಒಂದು ಗಳಿಗೆ ಕಾದು, ಚೊಂಬೆತ್ತಿ ಗಟಗಟನೆ ಕುಡಿದ. ನಲವತ್ತು ದಾಟಿದ ಗಂಡಸು, ಪುರಸಭೆಯ ಪ್ರಥಮ ದರ್ಜೆ ಸಹಾಯಕ, ನೌಕರರ ಸಂಘದ ಜಂಟಿ ಕಾರ್ಯದರ್ಶಿ, ಬಚ್ಚಲಲ್ಲಿ ಕಳ್ಳಬೆಕ್ಕಿನ ಹಾಗೆ ನಿಂತು ನೀರು ಕುಡಿಯುತ್ತಿದ್ದಾನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು. ಹೊರಗೆ ಪಡಸಾಲೆಯ ಮಂಚದಿಂದ ಅಪ್ಪ, "ಕುಡಿದ್ಯೇನ್ಲಾ?" ಅಂದ. "ಇಲ್ಲಪ್ಪ, ಮಕ ತೊಳ್ಕಂತಿದ್ದೆ." ದೊಡ್ಡಬೀರಪ್ಪನ ಕಿವಿಯ ಮುಂದೆ ಈ ಆಟ ನಡೆಯುವುದಿಲ್ಲ. ಕಲ್ಲುತೂಬು ಇನ್ನೂ ಪಂಚಾಯಿತಿಯಾಗಿದ್ದಾಗಲೇ ನೀರುಗಂಟಿಯಾಗಿ ಸೇರಿ, ಊರು ಪುರಸಭೆಯಾಗಿ, ತೋಟಗಳೆಲ್ಲ ಲೇಔಟುಗಳಾಗುವವರೆಗೂ ಕಬ್ಬಿಣದ ಉದ್ದ ಕೀಲಿ ಹೆಗಲ ಮೇಲೆ ಹೊತ್ತು ಬೀದಿಬೀದಿಯ ವಾಲ್ವು ತಿರುಗಿಸಿದವನು ಅವನು. ರಸ್ತೆಯಡಿಯ ಕೊಳವೆಯಲ್ಲಿ ಬರುವುದು ನೀರೋ ಬರೀ ಗಾಳಿಯೋ ಎಂಬುದನ್ನು ನಿಂತ ಕಡೆಯೇ ಹೇಳುತ್ತಿದ್ದವನಿಗೆ ಮಗನ ಗಂಟಲು ಯಾವ ಲೆಕ್ಕ. ಈಗ ಅವನ ಮೂತ್ರಪಿಂಡಗಳೆರಡೂ ಕೈಕೊಟ್ಟಿವೆ. ವಾರಕ್ಕೆರಡು ಸಲ ದೊಡ್ಡಬಳ್ಳಾಪುರದ ಖಾಸಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಿ ಬರಬೇಕು. ಊರಿಗೆಲ್ಲ ನೀರು ಬಿಟ್ಟವನಿಗೆ ಹೆಂಡತಿ ಮುನಿರತ್ನಮ್ಮ ದಿನಕ್ಕೊಂದು ಸ್ಟೀಲು ಲೋಟದಲ್ಲಿ ನೀರು ಅಳೆದಿಡುತ್ತಾಳೆ. ಅದನ್ನು ಅವನು ಗುಟುಕರಿಸಿ, ಬಾಯಿಯೊಳಗೆಲ್ಲ ತಿರುಗಿಸಿ, ನುಂಗಲು ಮನಸ್ಸು ಬಾರದೆ ಕೂತಿರುತ್ತಾನೆ.

ಇವತ್ತು ಅಪ್ಪ ಮಾತ್ರ ಹಬ್ಬದ ಗೆಲುವಿನಲ್ಲಿದ್ದ. ಬಿಳಿ ಪಂಚೆ, ಸೊಸೆ ಅಕ್ಷತ ಇಸ್ತ್ರಿ ಮಾಡಿಕೊಟ್ಟ ಅಂಗಿ, ಊದಿದ ಪಾದಕ್ಕೆ ಹಿಡಿಸದ ಚಪ್ಪಲಿಯನ್ನು ಹಿಮ್ಮಡಿ ಹೊರಗೆ ಬಿಟ್ಟೇ ಮೆಟ್ಟಿಕೊಂಡಿದ್ದ. ಪುರಸಭೆಯ ಅಂಗಳದಲ್ಲಿ ನಡೆಯುತ್ತಿದ್ದ ನೌಕರರ ಸರದಿ ಉಪವಾಸ ಇವತ್ತು ಮುಗಿಯಬೇಕಾಗಿತ್ತು. ಮುಗಿಸುವ ಎಳನೀರನ್ನು ಮುಖ್ಯಾಧಿಕಾರಿಗಳ ಕೈಯಿಂದ ಕುಡಿಯುವ ಗೌರವ ನಿವೃತ್ತ ನೌಕರ ದೊಡ್ಡಬೀರಪ್ಪನವರದೆಂದು ಸಂಘದ ಅಧ್ಯಕ್ಷ ಗಂಗಣ್ಣ ಗೊತ್ತುಮಾಡಿದ್ದ. ಅಪ್ಪ ಒಂದು ದಿನವೂ ಉಪವಾಸ ಕೂತವನಲ್ಲ. ಆದರೆ ಗಂಗಣ್ಣನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಮುಖ ಬೇರೆ ಸಿಕ್ಕಿರಲಿಲ್ಲ. ಕೆನ್ನೆ ಒಳಗೆ ಹೋಗಿದೆ, ತೋಳಿನಲ್ಲಿ ಸೂಜಿಯ ಗಂಟುಗಳಿವೆ, ಎದ್ದು ನಿಂತರೆ ಕಾಲು ನಡುಗುತ್ತದೆ. ಹೊಟ್ಟೆ ತುಂಬ ತಿಂಡಿ ತಿಂದು ಬಂದು ಉಪವಾಸ ಕೂರುವ ನಮ್ಮ ಗುಮಾಸ್ತರ ಮುಖದಲ್ಲಿ ಅಷ್ಟು ಕಳೆ ಎಲ್ಲಿಂದ ಬರಬೇಕು ಎಂದುಕೊಂಡ ಬೀರೇಶ. ಮುನಿರತ್ನಮ್ಮ ಗಂಡನ ಅಂಗಿಯ ಗುಂಡಿ ಹಾಕುತ್ತಾ ಮಗನಿಗೆ ಹೇಳುತ್ತಿದ್ದಳು. "ಬಾಯಿಗ್ ಮುಟ್ಟಿಸ್ದಂಗ್ ಮಾಡಿ ಈಸ್ಕಂಡ್ಬಿಡು. ಎಳನೀರು ಇವ್ರಿಗೆ ವಿಸ ಅಂದವ್ರೆ ಡಾಕ್ಟ್ರು. ಅದ್ರಾಗಿರೋ ಉಪ್ಪು ಎದೇನೇ ನಿಲ್ಲಿಸ್ಬಿಡ್ತದಂತೆ. ಕೇಳುಸ್ತೇನೋ?" ಬೀರೇಶ ಹೂಂ ಅಂದ. ಅಪ್ಪನಿಗೆ ಬೇಕಾಗಿದ್ದದ್ದು ಬೇರೆ ವಿಷಯ. "ಎಳನೀರೇ ತಾನೆ? ನಿಂಬೆಹಣ್ಣಲ್ವಲ್ಲ?" ಎಂದು ನಿನ್ನೆ ಸಂಜೆಯಿಂದ ಎಷ್ಟನೆಯ ಸಲವೋ ಕೇಳಿದ. "ಎಳನೀರೇ ಕಣಪ್ಪ." ಅಪ್ಪ ಹೆಂಡತಿಯ ಕಡೆ ತಿರುಗಿ, "ಹಂಗಾದ್ರೆ ಗೆದ್ವಿ ಕಣೆ" ಅಂದ.

ಇದು ಪುರಸಭೆಯ ಅಂಗಳದಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಎಲ್ಲೂ ಬರೆದಿಡದ ಪದ್ಧತಿ. ಸಾಹೇಬರು ಬಂದು ನಿಂಬೆಹಣ್ಣಿನ ಪಾನಕ ಕುಡಿಸಿದರೆ ಬರೀ ಬಾಯಿಮಾತಿನ ಭರವಸೆ, ಎದ್ದು ಮನೆಗೆ ಹೋಗಿ ಎಂದರ್ಥ. ಮೂಸಂಬಿ ರಸವಾದರೆ ಅರ್ಧ ಕೆಲಸವಾಗಿದೆ. ಎಳನೀರು ಕುಡಿಸಿದರೆ ಕೇಳಿದ್ದೆಲ್ಲ ಸಿಕ್ಕಿತು. ಬೀರೇಶ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗ ಅಪ್ಪ ದಿನಗೂಲಿಯವರನ್ನು ಕಾಯಂ ಮಾಡಿ ಎಂದು ಅದೇ ಅಂಗಳದ ಬೇವಿನಮರದ ಬುಡದಲ್ಲಿ ಉಪವಾಸ ಕೂತಿದ್ದ. ಅದು ಸರದಿಯ ಉಪವಾಸವಲ್ಲ, ನಿಜವಾದದ್ದು. ಮೂರನೆಯ ದಿನ ಯಾರೋ ಅಧಿಕಾರಿ ನಿಂಬೆಹಣ್ಣಿನ ಪಾನಕ ತಂದು ಬಾಯಿಗೆ ಹಿಡಿದಾಗ, ಬಾಯಾರಿಕೆ ತಡೆಯದೆ ಕುಡಿದುಬಿಟ್ಟ. ಕೆಲಸ ಕಾಯಂ ಆಗಲು ಆಮೇಲೆ ಇನ್ನೂ ಅದೆಷ್ಟೋ ವರ್ಷ ಹಿಡಿಯಿತು. ಆವತ್ತಿನಿಂದ ಯಾರು ಮೋಸ ಹೋದರೂ ಅಪ್ಪನದು ಒಂದೇ ಮಾತು: ಅವನಿಗೆ ನಿಂಬೆಹಣ್ಣು ಕುಡಿಸಿ ಕಳಿಸಿದರು. ಸೈಟಿನ ಆಸೆಗೆ ದುಡ್ಡು ಕಳೆದುಕೊಂಡ ಪಕ್ಕದ ಮನೆಯವನಿಗೂ ಅದೇ ಮಾತು, ಹೆಣ್ಣು ನೋಡಿಹೋಗಿ ಸುದ್ದಿಯಿಲ್ಲದ ಬೀಗರ ಬಗ್ಗೆಯೂ ಅದೇ ಮಾತು. ಅಂಥವನು ಈಗ ಆಟೋದಲ್ಲಿ ಮಗನ ಪಕ್ಕ ಕೂತು, ಊರಿನ ರಸ್ತೆ ತನ್ನದೇ ಎಂಬ ಹಾಗೆ ನೋಡುತ್ತಾ ಹೊರಟಿದ್ದ. ಎಲ್ಲಿ ಯಾವ ವಾಲ್ವಿತ್ತು, ಯಾವ ಮೋರಿಯ ಕೆಳಗೆ ಕೊಳವೆ ಒಡೆದಿತ್ತು ಎಂದು ಹೇಳಿಕೊಂಡು ಬಂದ. ಬೀರೇಶ ಕೇಳಿಸಿಕೊಳ್ಳಲಿಲ್ಲ. ಹೇಳಿಬಿಡಬೇಕು, ಈ ತಿರುವು ದಾಟಿದ ಮೇಲೆ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದ. ತಿರುವು ದಾಟಿತು. ಆಟೋದವನ ಎದುರಿಗೆ ಹೇಳುವ ಮಾತಲ್ಲ ಎಂದು ನೆಪ ಸಿಕ್ಕಿತು. ನೆಪಗಳಿಗೇನು, ಅವು ಈ ಊರಿನ ಬೋರ್‌ವೆಲ್ಲಿನ ಹಾಗೆ ಬತ್ತುವುದಿಲ್ಲ.

ಹೇಳಬೇಕಾಗಿದ್ದದ್ದು ಇಷ್ಟೇ. ಪುರಸಭೆಯಲ್ಲಿ ಕಾಸಿಲ್ಲ, ಸೇವೆಯಲ್ಲಿರುವವರ ಪಿಂಚಣಿಗೆ ಪುರಸಭೆ ಕಟ್ಟುವ ಪಾಲು ಮತ್ತು ನಿವೃತ್ತರ ಆಸ್ಪತ್ರೆ ಖರ್ಚು ಎರಡನ್ನೂ ಕಡಿಮೆ ಮಾಡುತ್ತೇವೆ ಎಂದು ಆಡಳಿತದವರು ಹೊರಟಿದ್ದು ಮೊದಲು. ಎರಡಕ್ಕೂ ಕೈ ಹಚ್ಚಬೇಡಿ ಎಂದು ಸಂಘ ಬೀದಿಗಿಳಿದಿತ್ತು. ನಿನ್ನೆ ಮಧ್ಯಾಹ್ನ ಮುಖ್ಯಾಧಿಕಾರಿ ಪ್ರಮೋದಾ ಮೇಡಂ ಅವರ ಕೋಣೆಯಲ್ಲಿ ಗಂಗಣ್ಣ, ಖಜಾಂಚಿ ಅಶೋಕ್ ಮತ್ತು ಬೀರೇಶ ಕೂತು ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟುಕೊಟ್ಟು ಬಂದಿದ್ದರು. ಬಿಟ್ಟುಕೊಟ್ಟಿದ್ದು ಯಾವುದು ಎಂದು ಕೇಳಬೇಕಾಗಿಲ್ಲ. ಆ ಕೋಣೆಯಲ್ಲಿ ನಿವೃತ್ತರು ಯಾರೂ ಇರಲಿಲ್ಲ. ಬಿಸ್ಕತ್ತಿತ್ತು, ಗೋಡಂಬಿ ಇತ್ತು. ಸರದಿ ಪ್ರಕಾರ ಆವತ್ತು ಉಪವಾಸದಲ್ಲಿದ್ದ ಅಶೋಕ್ ನಾಲ್ಕು ಗೋಡಂಬಿ ತಿಂದು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ. ಬೀರೇಶನಿಗೆ ಆ ಕುರ್ಚಿಯ ಮೆತ್ತೆ ನೆನಪಿದೆ. ಅದೇ ಕೋಣೆಯಲ್ಲಿ ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು, ಯಾರೋ ಪುಢಾರಿಯ ಮನೆಗೆ ನೀರು ಬಿಡಲಿಲ್ಲವೆಂದು ಬೈಸಿಕೊಂಡದ್ದನ್ನು ಹುಡುಗನಾಗಿದ್ದಾಗ ಅವನು ಕಿಟಕಿಯಿಂದ ನೋಡಿದ್ದ. ನೀರುಗಂಟಿಯ ಮಗ ಎಂದೇ ಸ್ಕೂಲಿನಲ್ಲಿ ಕರೆಯುತ್ತಿದ್ದರು, ಬೇಸಗೆಯಲ್ಲಂತೂ ಮೇಷ್ಟರೂ ಕರೆದು ನಿಮ್ಮಪ್ಪನಿಗೆ ಹೇಳೋ ನಮ್ಮ ಬೀದಿಗೂ ಸ್ವಲ್ಪ ಬಿಡಲಿ ಎನ್ನುತ್ತಿದ್ದರು. ಅಂಥ ಕೋಣೆಯಲ್ಲಿ ಮೆತ್ತೆಯ ಕುರ್ಚಿ. ಮೇಡಂ ಒಳ್ಳೆಯವರೇ, ದನಿ ಎತ್ತುವವರಲ್ಲ, ಅನ್ಯಾಯವನ್ನೂ ಅಚ್ಚುಕಟ್ಟಾಗಿ ಮಡಿಸಿ ಕೊಡುವವರು. "ಆಸ್ಪತ್ರೇಲಿ ಅಡ್ಮಿಟ್ ಆಗಿ ರಾತ್ರಿ ಉಳ್ಕೊಂಡವರ ಖರ್ಚು ಪೂರ್ತಿ ಕೊಡ್ತೀವಿ. ಬೆಳಿಗ್ಗೆ ಹೋಗಿ ಸಂಜೆ ಬರೋ ಟ್ರೀಟ್‌ಮೆಂಟ್‌ಗೆಲ್ಲ ಆಗಲ್ಲ. ನಾಳೆಯಿಂದ್ಲೇ ಜಾರಿ. ಸರಿ ತಾನೆ, ಬೀರೇಶ್?" ಅಂದರು. ಬೆಳಿಗ್ಗೆ ಹೋಗಿ ಸಂಜೆ ಬರುವುದು ಯಾವುದು ಎಂದು ಅವನಿಗೆ ಗೊತ್ತಿರಲಿಲ್ಲವೇ. ಸ್ಕೂಟರಿನ ಹಿಂದೆ ಅಪ್ಪನನ್ನು ಕೂರಿಸಿಕೊಂಡು ಹೋಗಿ, ಸಂಜೆ ಸುಸ್ತಾದ ಅವನ ಗಲ್ಲ ತನ್ನ ಬೆನ್ನಿಗೆ ತಗುಲುತ್ತಿರುವಂತೆ ವಾಪಸು ಕರೆತರುವವನು ಅವನೇ. ಆದರೂ "ಸರಿ ಮೇಡಂ" ಅಂದ. ಏಕೆಂದರೆ ಅವರು ಅವನ ಹೆಸರು ಹಿಡಿದು ಕೇಳಿದ್ದರು. ಗಂಗಣ್ಣನನ್ನು ಪ್ರೆಸಿಡೆಂಟ್ರೇ ಎಂದರು, ಅಶೋಕನನ್ನು ನೀವು ಎಂದರು, ಇವನನ್ನು ಮಾತ್ರ ಹೆಸರು ಹಿಡಿದು, ಬೀರೇಶ್ ಎಂದರು. ಅಪ್ಪನ ಯಂತ್ರವನ್ನು ಅವನು ಕೊಟ್ಟದ್ದು ಈ ಬೆಲೆಗೆ. ಮೆಟ್ಟಿಲಿಳಿಯುವಾಗ ಗಂಗಣ್ಣ ಹೆಗಲ ಮೇಲೆ ಕೈ ಹಾಕಿ, "ನಿಮ್ಮಪ್ಪಂದು ಸ್ಪೆಷಲ್ ಕೇಸು ಮಾಡ್ಸೋಣ ಬಿಡು ಗುರು. ಇಲ್ಲಾ ಅಂದ್ರೆ ಸರ್ಕಾರಿ ಆಸ್ಪತ್ರೇಲಿ ಫ್ರೀ ಐತಲ್ಲ" ಅಂದಿದ್ದ. ಸರ್ಕಾರಿ ಆಸ್ಪತ್ರೆಯಲ್ಲಿ ಬೀರೇಶ ಆಗಲೇ ವಿಚಾರಿಸಿ ಬಂದಿದ್ದ. ಅಲ್ಲಿ ಯಂತ್ರ ಖಾಲಿಯಿಲ್ಲ. ಯಾರಾದರೊಬ್ಬರು ಸತ್ತರೆ ಒಂದು ಸರದಿ ತೆರವಾಗುತ್ತದೆ. ತನ್ನ ಸಂಬಳದಲ್ಲಿ ಕಟ್ಟಬಹುದು, ಒಂದೆರಡು ತಿಂಗಳು. ಆಮೇಲೆ ಅದೂ ಬತ್ತುತ್ತದೆ.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಸರದಿ ಉಪವಾಸ ಎಂಬುದನ್ನು ಕಂಡುಹಿಡಿದವನು ದೊಡ್ಡ ಬುದ್ಧಿವಂತನೇ ಇರಬೇಕು. ಒಂದು ಊಟದಿಂದ ಎದ್ದು ಇನ್ನೊಂದು ಊಟಕ್ಕೆ ಕೂರುವವರೆಗಿನ ಹೊತ್ತಿಗೆ ಉಪವಾಸವೆಂದು ಹೆಸರಿಟ್ಟು, ಅದನ್ನೂ ಒಬ್ಬನಿಂದಾಗದೆಂದು ಹತ್ತು ಜನ ಹಂಚಿಕೊಂಡಿದ್ದರು. ಕೊರಳಲ್ಲಿ ಚೆಂಡುಹೂವಿನ ಹಾರ, ತೋಳಿಗೆ ಕಪ್ಪು ಪಟ್ಟಿ. ಮಧ್ಯಾಹ್ನ ಶಾಮಿಯಾನದ ಹಿಂದೆ ನೀರಿನ ಟ್ಯಾಂಕರಿನ ಮರೆಯಲ್ಲಿ ಪುಳಿಯೋಗರೆ ಪೊಟ್ಟಣ ಬಿಚ್ಚುವ ಸದ್ದು ಮುಂದಿನ ಸಾಲಿಗೂ ಕೇಳುತ್ತಿತ್ತು. ಮೈಕಿನಲ್ಲಿ ಮಾತ್ರ ರಕ್ತ ಹರಿಯುತ್ತಿತ್ತು. "ಪ್ರಾಣ ಕೊಟ್ಟೇವು, ಪಿಂಚಣಿ ಬಿಡೆವು" ಎಂದು ಅಶೋಕ್ ಕೂಗಿದರೆ ಜನರು ಕೈ ಎತ್ತುತ್ತಿದ್ದರು. ಯಾರ ಪ್ರಾಣ ಎಂದು ಯಾರೂ ಕೇಳಲಿಲ್ಲ. ಹತ್ತು ಮಂದಿ ನಿವೃತ್ತರನ್ನು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿದ್ದರು, ಮದುವೆ ಮನೆಯಲ್ಲಿ ಹಿರಿಯರನ್ನು ಫ್ಯಾನಿನ ಕೆಳಗೆ ಕೂರಿಸಿ ಮರೆತುಬಿಡುತ್ತಾರಲ್ಲ, ಹಾಗೆ. ಅಪ್ಪ ಹೋಗಿ ಅಮ್ಮಯಮ್ಮನ ಪಕ್ಕದಲ್ಲಿ ಕೂತ. ಅವಳು ಪೌರಕಾರ್ಮಿಕಳಾಗಿ ಊರಿನ ಬೀದಿಗಳನ್ನು ಗುಡಿಸಿ ನಿವೃತ್ತಳಾದವಳು, ಬಾಯಿ ಜೋರು. ಒಂದು ಕಾಲದಲ್ಲಿ ಬೆಳಗಿನ ಜಾವ ಬೀದಿಯಲ್ಲಿ ಇದ್ದವರೆಂದರೆ ಇವರಿಬ್ಬರೇ, ಇವನು ಕೀಲಿ ಹಿಡಿದು, ಅವಳು ಪೊರಕೆ ಹಿಡಿದು. "ನನ್ ಮಗನೇ ಒಳಗೋಗಿ ಮಾತಾಡಿದ್ದು" ಎಂದು ಅಪ್ಪ ಆಚೆ ಈಚೆ ಇದ್ದವರಿಗೆಲ್ಲ ಹೇಳತೊಡಗಿದ. "ಮೇಡಮ್ಮುನ್ ಎದುರಿಗೇ ಕುರ್ಚಿ ಹಾಕ್ಸಿ ಕೂತ್ಕಂಡು ಮಾತಾಡ್ದ." ಅಮ್ಮಯಮ್ಮ ಬೀರೇಶನನ್ನು ಮೇಲಿನಿಂದ ಕೆಳಗೆ ನೋಡಿದಳು. "ನನ್ ಕಣ್ಣಿನ್ ಆಪ್ರೇಸನ್ ಐತಲ್ಲಪ್ಪ, ಬೆಳಿಗ್ಗೆ ಹೋದ್ರೆ ಸಂಜೀಕೆ ಕಳಿಸ್ತಾರಂತೆ. ಅದಕ್ಕೇನೂ ತೊಂದ್ರೆ ಇಲ್ಲ ತಾನೆ?" ಬೀರೇಶ, "ನೋಡಾನ ಅಮ್ಮಯಮ್ಮ, ಎಲ್ಲಾ ಹೇಳ್ತಾರೆ" ಅಂದ. "ನೋಡಾನ ಅನ್ನೋಕೇ ಕಣ್ಣು ಬೇಕಲ್ಲಪ್ಪ" ಅಂದಳು ಅವಳು. ಅಪ್ಪ ನಕ್ಕ. ಅವಳು ನಗಲಿಲ್ಲ. "ಗೆದ್ ಬಂದೋನ್ ಮಕ ಹಿಂಗ್ಯಾಕೈತೆ, ಯಾರೋ ಸತ್ತೋರ ಮನೆಯಿಂದ್ ಬಂದಂಗೆ?"

ಬೀರೇಶನ ಬಾಯಿ ಮತ್ತೆ ಒಣಗಿತ್ತು. ಶಾಮಿಯಾನದ ಕಂಬದ ಬಳಿ ನೀರಿನ ಕ್ಯಾನಿತ್ತು, ಅಪ್ಪನ ಕಣ್ಣು ಅದರ ಮೇಲೇ ಇತ್ತು. ಯಾರು ಲೋಟ ಹಿಡಿದರೂ ಆ ಕಣ್ಣು ಲೋಟದ ಜೊತೆ ಮೇಲೇರಿ, ಕುಡಿಯುವವನ ಗಂಟಲಿನ ಜೊತೆ ಕೆಳಗಿಳಿಯುತ್ತಿತ್ತು. ಹೋದ ತಿಂಗಳು ಮನೆಯಲ್ಲಿ ಬೀರೇಶ ಒಂದು ಸಲ ಸಿಕ್ಕಿಬಿದ್ದಿದ್ದ. ಫ್ರಿಜ್ಜಿನ ಬಾಟಲಿ ಎತ್ತಿದಾಗ ಹಿಂದೆ ಅಪ್ಪ ಗೋಡೆ ಹಿಡಿದುಕೊಂಡು ನಿಂತಿದ್ದ. ಬೈಯಲಿಲ್ಲ. "ತಣ್ಣಗೈತಾ?" ಎಂದು ಕೇಳಿದ, ಅಷ್ಟೆ. ಅದಾದ ಮೇಲೆ ಬಚ್ಚಲುಮನೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವ್ವ ಗಂಡನನ್ನು ಹಂಗಿಸುತ್ತಿದ್ದಳು, ಊರಿಗೆಲ್ಲ ನೀರು ಬಿಟ್ಟು ತನ್ನ ಬೀದಿಗೆ ಕೊನೆಗೆ ಬಿಡುತ್ತಾನೆಂದು. ಬೀರೇಶ ಊರಿಗೂ ಉಪಕಾರಿಯಲ್ಲ. ಅವನು ಉಪಕಾರ ಮಾಡಿದ್ದು ತನ್ನ ಅರವತ್ತನೆಯ ವಯಸ್ಸಿಗೆ, ಇನ್ನೂ ಬಾರದ ತನ್ನ ಮುಪ್ಪಿಗೆ. ಎದುರಿಗೆ ಕೂತಿರುವ ಮುಪ್ಪು ಕಾಣಲಿಲ್ಲ. ಕಾಣಲಿಲ್ಲ ಎನ್ನುವುದೂ ಸುಳ್ಳೇ, ಕಂಡಿತ್ತು.

ಅವನು ಟ್ಯಾಂಕರಿನ ಹಿಂದೆ ಹೋದ. ಗಂಗಣ್ಣ ಎಳನೀರಿನ ಗೊನೆಯ ಮುಂದೆ ನಿಂತು, ಕೆತ್ತುವವನಿಗೆ ಬುರುಡೆ ಹೇಗಿರಬೇಕು, ಫೋಟೋದಲ್ಲಿ ಹೇಗೆ ಕಾಣಬೇಕು ಎಂದು ಹೇಳಿಕೊಡುತ್ತಿದ್ದ. ಅವನ ಸೇವೆಯಲ್ಲಿ ಉಳಿದಿದ್ದದ್ದು ಸ್ವಲ್ಪವೇ ಕಾಲ. ಆಮೇಲೆ ಪುರಸಭೆಯ ಚುನಾವಣೆಗೆ ನಿಲ್ಲುತ್ತಾನೆಂದು ಊರೆಲ್ಲ ಮಾತು. "ಗಂಗಣ್ಣ, ಎಳನೀರು ಬ್ಯಾಡ. ನಮ್ಮಪ್ಪಂಗ್ ಆಗಲ್ಲ. ನಿಂಬೆಹಣ್ಣಿನ್ ಪಾನಕ ಮಾಡ್ಸಿ, ಅಥವಾ ಬೇರೆಯವ್ರಿಗ್ ಕೊಡ್ಸಿ." ಗಂಗಣ್ಣ ಅವನನ್ನು ಮರುಕದಿಂದ ನೋಡಿದ. "ನಿಂಬೆಹಣ್ಣು ಕೊಟ್ರೆ ಏನರ್ಥ ಅಂತ ನಿಂಗ್ ಗೊತ್ತಿಲ್ವೇನೋ? ಈ ಮುದುಕ್ರೆಲ್ಲಾ ಇಲ್ಲೇ ಎದ್ದು ನಿಂತ್ಕಂತಾರೆ, ಏನ್ ಕೊಟ್ ಬಂದ್ರಿ ಅಂತ. ಎಳನೀರೇ ಇರ್ಲಿ. ಸುಮ್ನೆ ತುಟಿಗ್ ಮುಟ್ಟಿಸ್ಲಿ ಸಾಕು." "ಅವ್ರು ಕುಡಿದ್ಬಿಟ್ರೆ?" "ನೀನ್ ಪಕ್ದಾಗಿರ್ತೀಯಲ್ಲ." ಆಮೇಲೆ ದನಿ ತಗ್ಗಿಸಿ, "ನೋಡು ಬೀರೇಶ, ಮೂವರೂ ಸರಿ ಅಂದ್ವಿ. ಈಗ ನೀನೊಬ್ಬ ಹರಿಶ್ಚಂದ್ರ ಆಗಕ್ ಹೋಗ್ಬೇಡ" ಅಂದ. ಬೀರೇಶನಿಗೆ ಸಿಟ್ಟು ಬಂತು. ಅದರ ಬೆನ್ನಲ್ಲೇ, ಈ ಮಾತನ್ನು ಅವನೇ ಆಡಿ ತನ್ನನ್ನು ತಡೆದದ್ದು ಒಳ್ಳೆಯದಾಯಿತು ಎಂಬ ಸಮಾಧಾನವೂ ಬಂತು. ಆ ಸಮಾಧಾನ ಎಷ್ಟು ಹೊಲಸಾಗಿತ್ತೆಂದರೆ ಅವನು ಕೆತ್ತುವವನ ಕೈಯಿಂದ ನೀರಿನ ಮಗ್ಗು ಕಿತ್ತುಕೊಂಡು ಬಾಯಿ ಮುಕ್ಕಳಿಸಿ ಉಗಿದ.

ಮೇಡಂ ಬಂದರು. ಹತ್ತಿ ಸೀರೆ, ಕೈಯಲ್ಲಿ ಫೈಲಿಲ್ಲ. ಫೈಲಿಲ್ಲದೆ ಬರುವುದೇ ವಾಡಿಕೆಯಂತೆ, ಮನೆಯವರ ಹಾಗೆ ಬಂದೆ ಎಂದು ತೋರಿಸಲು. ಎಲ್ಲರೂ ಎದ್ದರು. ನಿವೃತ್ತರೂ ಎದ್ದರು, ಅಪ್ಪ ಕುರ್ಚಿಯ ಕೈ ಹಿಡಿದು ಎದ್ದ. ಮೇಡಂ ಎರಡು ಮಾತಾಡಿದರು, ನಾವೆಲ್ಲ ಒಂದೇ ಕುಟುಂಬ ಎಂದರು. ಕುಟುಂಬದಲ್ಲಿ ಇಂಥದ್ದೆಲ್ಲ ನಡೆಯುತ್ತದೆ ಎಂಬುದು ಬೀರೇಶನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗಂಗಣ್ಣ ಮೈಕು ಹಿಡಿದು, "ನಮ್ಮ ಹೋರಾಟಕ್ಕೆ ಜಯ ಸಿಕ್ಕಿದೆ. ಪಿಂಚಣಿಯ ಪಾಲು ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಹಿರಿಯರ ಆರೋಗ್ಯ ಸೌಲಭ್ಯವೂ ಸೂಕ್ತ ಮಾರ್ಪಾಡುಗಳೊಂದಿಗೆ ಮುಂದುವರಿಯಲಿದೆ" ಎಂದು ಓದುವವನ ಹಾಗೆ ಹೇಳಿದ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನವರೂ ತಟ್ಟಿದರು. ಮಾರ್ಪಾಡು ಎಂದರೆ ಮರ್ಯಾದೆಯ ಮಾತು, ಮರ್ಯಾದೆಯ ಮಾತಿಗೆ ಚಪ್ಪಾಳೆ ತಟ್ಟಬೇಕು ಎಂದು ಜೀವಮಾನವೆಲ್ಲ ಕಲಿತವರು. ಅಮ್ಮಯಮ್ಮ ಮಾತ್ರ ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂತಿದ್ದಳು. "ಈಗ ನಮ್ಮ ಜಂಟಿ ಕಾರ್ಯದರ್ಶಿಯವರಿಂದ ಎರಡು ಮಾತು" ಎಂದು ಗಂಗಣ್ಣ ಮೈಕನ್ನು ಬೀರೇಶನ ಕೈಗೆ ಕೊಟ್ಟುಬಿಟ್ಟ.

ಮೈಕು ಬೆಚ್ಚಗಿತ್ತು, ಗಂಗಣ್ಣನ ಉಗುಳಿನಿಂದ ತೇವವಾಗಿತ್ತು. ಬೀರೇಶ ಮುಂದಿನ ಸಾಲು ನೋಡಿದ. ಅಪ್ಪ ಕತ್ತು ಮುಂದೆ ಚಾಚಿ, ಅಕ್ಕಪಕ್ಕದವರನ್ನು ಸುಮ್ಮನಿರಿ ಎಂದು ಕೈಸನ್ನೆ ಮಾಡಿ, ಕಿವಿ ಇತ್ತ ಕೊಟ್ಟಿದ್ದ. ಹೇಳುವುದು ಎಷ್ಟು ಸುಲಭ. ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಇನ್ನು ಮೇಲೆ ಏನೂ ಇಲ್ಲ, ಅದಕ್ಕೆ ನಾನೇ ಸರಿ ಎಂದೆ. ಇಷ್ಟೇ. ಇಷ್ಟು ಹೇಳಿದರೆ ಮೇಡಂ ಮುಖ ಏನಾಗುತ್ತದೆ, ಗಂಗಣ್ಣ ಏನು ಮಾಡುತ್ತಾನೆ, ನಾಳೆಯಿಂದ ಆಫೀಸಿನಲ್ಲಿ ತನ್ನ ಮೇಜು ಎಲ್ಲಿರುತ್ತದೆ. ಬಾಯಿ ತೆರೆದ. "ಈ ಸಂದರ್ಭದಲ್ಲಿ, ತಮ್ಮ ಅಮೂಲ್ಯ ಸಮಯವನ್ನು ನೀಡಿ ಆಗಮಿಸಿರುವ ಮುಖ್ಯಾಧಿಕಾರಿಗಳಿಗೆ" ಎಂದು ಶುರುವಾಯಿತು. ಅದು ತನ್ನ ದನಿಯೇ ಎಂದು ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ವಂದನಾರ್ಪಣೆ ಮಾಡುತ್ತಿದ್ದ. ಮೇಡಂಗೆ ವಂದಿಸಿದ, ಅಧ್ಯಕ್ಷರಿಗೆ ವಂದಿಸಿದ, ಪೊಲೀಸರಿಗೆ, ಪತ್ರಕರ್ತ ಮಿತ್ರರಿಗೆ, ಶಾಮಿಯಾನ ಒದಗಿಸಿದವರಿಗೆ, ಧ್ವನಿವರ್ಧಕದವರಿಗೆ. ಕೊನೆಗೆ ಹಿರಿಯ ಚೇತನಗಳಿಗೆ ಎಂದ. ಬದುಕಿರುವ ಅಪ್ಪನನ್ನು ಚೇತನ ಮಾಡಿಬಿಟ್ಟೆನಲ್ಲ ಎಂದು ಮೈಕು ಕೆಳಗಿಟ್ಟ ಮೇಲೆ ಹೊಳೆಯಿತು. ಅಪ್ಪ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದ.

ಆಮೇಲೆ ಎಳನೀರು ಬಂತು. ಸ್ಟೀಲಿನ ತಟ್ಟೆಯಲ್ಲಿ ಒಂದೇ ಒಂದು ಬುರುಡೆ, ಬಾಯಿ ನೀಟಾಗಿ ಕೆತ್ತಿ, ಬಣ್ಣದ ಸ್ಟ್ರಾ ಚುಚ್ಚಿ, ಬುಡಕ್ಕೆ ಕುಂಕುಮವನ್ನೂ ಇಟ್ಟಿದ್ದರು. ಮೇಡಂ ಎರಡೂ ಕೈಯಲ್ಲಿ ಎತ್ತಿ ಅಪ್ಪನ ಮುಂದೆ ಹಿಡಿದರು. ಮೊಬೈಲುಗಳು ಎದ್ದವು. ಬೀರೇಶ ಪಕ್ಕದಲ್ಲಿ ನಿಂತು ಬುರುಡೆಯ ಅಡಿಗೆ ಕೈ ಕೊಟ್ಟ. ನೋಡುವವರಿಗೆ ಅದು ಮಗ ಅಪ್ಪನಿಗೆ ಆಸರೆಯಾದ ಹಾಗೆ ಕಾಣುತ್ತಿತ್ತು. "ತುಟಿಗ್ ಮುಟ್ಟಿಸಪ್ಪ, ಸಾಕು" ಎಂದು ಕಿವಿಯಲ್ಲಿ ಹೇಳಿದ. ಅಪ್ಪ ಸ್ಟ್ರಾದ ಕಡೆ ನೋಡಲಿಲ್ಲ, ಮಗನ ಮುಖ ನೋಡಿದ. "ನನ್ ಮಿಷಿನ್ನು ಉಳೀತಲ್ವೇನ್ಲಾ?" ಕೇಳಿದ್ದು ಮೆಲ್ಲಗೆ, ಆದರೆ ಮೇಡಂಗೆ ಕೇಳಿಸಿತು. ಅವರು ಬೀರೇಶನತ್ತ ನೋಡಿ ನಸುನಕ್ಕರು. ಎರಡನೆಯ ಸಲ ಅವರು ಹೆಸರು ಹಿಡಿಯುವ ಅಗತ್ಯವೂ ಇರಲಿಲ್ಲ. "ಹೂಂ ಅಪ್ಪ" ಅಂದ ಬೀರೇಶ.

ಅಪ್ಪ ಸ್ಟ್ರಾ ಕಿತ್ತು ಕೆಳಗೆ ಹಾಕಿದ. ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ಹಿಂದಕ್ಕೆ ಮಾಡಿ, ಬಾಯಿಗೆ ಸುರಿದುಕೊಂಡ. ಗಂಟಲು ಮೇಲೆ ಕೆಳಗೆ ಆಡಿತು. ಗಲ್ಲದಿಂದ ಇಳಿದು ಇಸ್ತ್ರಿ ಅಂಗಿಯೊಳಗೆ ಹೋಯಿತು. ಜನ ನಕ್ಕರು, ಚಪ್ಪಾಳೆ ತಟ್ಟಿದರು, ಯಾರೋ ಅಜ್ಜಂಗೆ ಜೈ ಎಂದರು. "ಅಪ್ಪ, ಸಾಕು, ಅಪ್ಪ" ಎಂದು ಬೀರೇಶ ಬುರುಡೆ ಹಿಡಿದೆಳೆದ. ವಾಲ್ವು ತಿರುಗಿಸಿದ ಕೈ ಅದು, ಬಿಡಲಿಲ್ಲ. ಮೊಬೈಲುಗಳು ಇನ್ನೂ ಎತ್ತಿಯೇ ಇದ್ದವು. ಉಪವಾಸಿ ಮುದುಕನ ಬಾಯಿಂದ ಎಳನೀರು ಕಿತ್ತುಕೊಳ್ಳುವ ಮಗ ಎಂದು ನಾಳೆ ಊರೆಲ್ಲ ನೋಡುತ್ತದೆ. ಬೀರೇಶ ಕೈ ಸಡಿಲಿಸಿದ. ಅದನ್ನೂ ಸಡಿಲಿಸಿದ. ಅಪ್ಪ ಬುರುಡೆ ಇಳಿಸಿ ಉಸಿರು ತೆಗೆದುಕೊಂಡ, ಕಣ್ಣಲ್ಲಿ ನೀರಿತ್ತು. "ಯಾಕ್ಲಾ ಹಂಗ್ ಎಳೀತೀಯ. ನಾಳೆ ಹೆಂಗೂ ಮಿಷಿನ್ ಐತೆ. ಕುಡಿದಿದ್ದನ್ನೆಲ್ಲಾ ಎಳ್ಕಂತದೆ." ಮತ್ತೆ ಗಂಗಣ್ಣನ ಕಡೆ ತಿರುಗಿ ಮಕ್ಕಳು ಕೇಳುವ ಹಾಗೆ ಕೇಳಿದ. "ಇನ್ನೊಂದೈತೇನಪ್ಪ?"

ಗೊಳ್ಳೆಂದು ನಕ್ಕರು. ಮೇಡಂ ಕೂಡ ನಕ್ಕು ನಮಸ್ಕಾರ ಮಾಡಿ ಕೋಣೆಗೆ ಹೊರಟರು. "ಹೊಡಿಯಲೇ ಇನ್ನೊಂದು ನಮ್ ಬೀರಪ್ಪಣ್ಣಂಗೆ" ಎಂದು ಗಂಗಣ್ಣ ಕೂಗಿದ. ಅಶೋಕ್ ಕೆತ್ತಿಸಿ, ಸ್ಟ್ರಾ ಚುಚ್ಚಿಸಿಕೊಂಡು ಓಡಿಬಂದು ಎಳನೀರನ್ನು ಬೀರೇಶನ ಕೈಗೆ ಕೊಟ್ಟ. ತಣ್ಣಗಿತ್ತು, ಭಾರವಾಗಿತ್ತು. ಅಪ್ಪ ಎರಡೂ ಕೈ ಚಾಚಿದ. ಕೊಡುವುದಕ್ಕಾಗುವುದಿಲ್ಲ. ಕೊಡುವುದಿಲ್ಲ ಎಂದರೆ ಏಕೆಂದು ಹೇಳಬೇಕು. ಡಾಕ್ಟರ ಮಾತೆತ್ತಿದರೆ ಅಪ್ಪ ನಾಳೆ ಮಿಷಿನ್ ಐತಲ್ಲ ಎನ್ನುತ್ತಾನೆ, ಆಗ ಯಂತ್ರ ಉಳಿಯಲಿಲ್ಲ ಎನ್ನಬೇಕು. ನೆಲಕ್ಕೆ ಚೆಲ್ಲಿಬಿಡೋಣವೆಂದರೆ ಅದಕ್ಕೂ ಧೈರ್ಯ ಬೇಕು. ಬೀರೇಶ ಸ್ಟ್ರಾವನ್ನು ತನ್ನ ಬಾಯಿಗಿಟ್ಟುಕೊಂಡ. ಕುಡಿಯತೊಡಗಿದ. ಜನರ ಎದುರಿಗೆ, ಅಪ್ಪನ ಎದುರಿಗೆ, ಚಾಚಿದ ಕೈಗಳ ಎದುರಿಗೆ. ಯಾರೋ ಸಿಳ್ಳೆ ಹಾಕಿದರು. "ಥೂ, ಹೆತ್ತಪ್ಪನ್ ಬಾಯಿಂದ" ಅಂದಳು ಅಮ್ಮಯಮ್ಮ. ಇವಳು ಹೇಳಿದ್ದು ಸರಿಯಾಗಿದೆ, ಇಡೀ ದಿನದಲ್ಲಿ ಸರಿಯಾದ ಮಾತು ಇದೊಂದೇ ಎಂದು ಹೀರುತ್ತಲೇ ಅವನಿಗೆ ಅನ್ನಿಸಿತು. ಅಪ್ಪ ಮೊದಲು ನಕ್ಕ. "ಕುಡಿ ಕುಡಿ. ಬಚ್ಚಲಾಗೆ ಕದ್ದು ಕುಡಿಯೋದ್ ತಪ್ತಲ್ಲ" ಅಂದ. ಆಮೇಲೆ ಅಭ್ಯಾಸಬಲದಿಂದ ಅವನ ಕಣ್ಣು ಮಗನ ಗಂಟಲಿನ ಮೇಲೆ ನೆಟ್ಟಿತು, ಅಲ್ಲಿಂದ ಮುಖಕ್ಕೆ ಏರಿತು, ಅಲ್ಲೇ ನಿಂತಿತು. ಚಾಚಿದ ಕೈಗಳು ನಿಧಾನವಾಗಿ ಇಳಿದವು. ಒಂದು ಕೈ ತೋಳಿನ ಮೇಲಿನ ಸೂಜಿಯ ಗಂಟುಗಳನ್ನು ಮುಟ್ಟಿಕೊಂಡಿತು. ಮುಂದಿನ ಸಾಲಿನವರು ಕುರ್ಚಿ ಬಿಟ್ಟು ಏಳುತ್ತಿದ್ದರು, ಶಾಮಿಯಾನದವನು ಆಗಲೇ ಹಗ್ಗ ಬಿಚ್ಚುತ್ತಿದ್ದ.

"ನಿಂಬೆಹಣ್ಣು ಕುಡಿಸ್ಬಿಟ್ಟೆ ಅಲ್ವೇನ್ಲಾ" ಅಂದ ಅಪ್ಪ.

ಎಳನೀರು ಮುಗಿದಿತ್ತು. ಸ್ಟ್ರಾ ಬಾಯಿಂದ ತೆಗೆದರೆ ಮಾತಾಡಬೇಕಾಗುತ್ತದೆಂದು ಬೀರೇಶ ಬರಿದಾದ ಬುರುಡೆಯನ್ನು ಹೀರುತ್ತಲೇ ನಿಂತ. ಗೊರಗೊರ ಸದ್ದು ಬರುತ್ತಿತ್ತು. ಬರೀ ಗಾಳಿ ಎಂದು ಆ ಮುದುಕನಿಗೆ ಗೊತ್ತಿತ್ತು.